ಹೈಸ್ಕೂಲು ಮಕ್ಕಳಿಗೆ ರಾಜಕೀಯ ಮತ್ತು ಮಾತುಗಾರಿಕೆ ಕಲಿಸುವುದು: ಪದವಿ ವಿದ್ಯಾರ್ಥಿಗಳಿಗೊಂದು ಸಮಗ್ರ ಮಾರ್ಗದರ್ಶಿ

ತಾಲ್ಲೂಕು ಕೇಂದ್ರದ ಪ್ರಥಮ ದರ್ಜೆ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಓದುತ್ತಿರುವ ವಿದ್ಯಾರ್ಥಿಯೊಬ್ಬ ತನ್ನೂರಿನ ಹೈಸ್ಕೂಲಿನ ಮಕ್ಕಳಿಗೆ ಏನು ಕಲಿಸಬಹುದು ಎಂದು ಕೇಳಿದರೆ, ಸಾಮಾನ್ಯವಾಗಿ ಬರುವ ಉತ್ತರ ಎರಡು: ಸಂವಿಧಾನದ ವಿಧಿಗಳನ್ನು ಹೇಳಿಕೊಡುವುದು ಮತ್ತು ಭಾಷಣ ಸ್ಪರ್ಧೆಗೆ ತಯಾರು ಮಾಡುವುದು. ಇವೆರಡೂ ಬೇಕಾದವೇ. ಆದರೆ ಇವನ್ನು ಬೇರೆ ಬೇರೆಯಾಗಿ ಕಲಿಸಿದಾಗ ಒಂದು ಕಡೆ ವಿಧಿಗಳ ಸಂಖ್ಯೆ ಬಾಯಿಪಾಠವಾಗುತ್ತದೆ, ಇನ್ನೊಂದು ಕಡೆ ಯಾರನ್ನೂ ಉದ್ದೇಶಿಸದ ಭಾಷಣ ಬಾಯಿಪಾಠವಾಗುತ್ತದೆ. ತನ್ನ ಬೀದಿಯ ಒಂದು ತೊಂದರೆಗೆ ಹೊಣೆ ಯಾರದು ಎಂಬುದನ್ನು ಮಗು ತಾನೇ ಹುಡುಕಿ, ಆ ಹೊಣೆಗಾರರು ಉತ್ತರಿಸಲೇಬೇಕಾಗುವ ಹಾಗೆ ಪ್ರಶ್ನೆ ಕೇಳಲು ಕಲಿತರೆ, ರಾಜ್ಯಶಾಸ್ತ್ರ ಮತ್ತು ಮಾತುಗಾರಿಕೆ ಎರಡೂ ಒಟ್ಟಿಗೇ ಬರುತ್ತವೆ ಎಂಬುದು ನನ್ನ ದೃಢವಾದ ನಂಬಿಕೆ. ಈ ಮಾರ್ಗದರ್ಶಿ ಆ ಒಂದು ಗುರಿಯನ್ನು ಇಟ್ಟುಕೊಂಡು, ಜೂನ್‌ನಲ್ಲಿ ಶಾಲೆ ಶುರುವಾದಾಗಿನಿಂದ ಮಕ್ಕಳು ತಮ್ಮ ಪ್ರಶ್ನೆಗಳನ್ನು ಗ್ರಾಮ ಪಂಚಾಯಿತಿಯ ಮುಂದಿಡುವ ಮಕ್ಕಳ ಗ್ರಾಮಸಭೆಯವರೆಗಿನ ಐದಾರು ತಿಂಗಳನ್ನು ಹೇಗೆ ಬಳಸಿಕೊಳ್ಳಬಹುದು ಎಂಬುದನ್ನು ವಿವರಿಸುತ್ತದೆ. ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ವಿಶೇಷ ಗ್ರಾಮಸಭೆಗಳು ಸಾಮಾನ್ಯವಾಗಿ ನವೆಂಬರ್‌ನ ಆಸುಪಾಸಿನಲ್ಲಿ ನಡೆಯುವುದರಿಂದ ಈ ಕಾಲಾವಧಿ ಸಹಜವಾಗಿಯೇ ಹೊಂದುತ್ತದೆ.

ಮೊದಲ ಹಂತ: ಅನುಮತಿ, ಸಮಯ, ಸುರಕ್ಷತೆ

ಶಾಲೆಯ ಮುಖ್ಯ ಶಿಕ್ಷಕರನ್ನು ಕಂಡು, ನೀವು ಏನು ಮಾಡಬೇಕೆಂದಿದ್ದೀರಿ ಎಂಬುದನ್ನು ಒಂದು ಪುಟದಲ್ಲಿ ಬರೆದುಕೊಡಿ. ಅದರಲ್ಲಿ ನಿಮ್ಮ ಕಾಲೇಜು, ತರಗತಿ, ವಾರದ ಯಾವ ದಿನ ಎಷ್ಟು ಹೊತ್ತು ಬರುತ್ತೀರಿ, ಏನನ್ನು ಕಲಿಸುತ್ತೀರಿ ಎಂಬುದು ಇರಲಿ. ನಿಮ್ಮ ಕಾಲೇಜಿನ ಪ್ರಾಧ್ಯಾಪಕರೊಬ್ಬರ ಪರಿಚಯ ಪತ್ರ ಜೊತೆಗಿದ್ದರೆ ಅನುಕೂಲ. ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ವಿಷಯ ಪ್ರಸ್ತಾಪವಾಗುವಂತೆ ಕೇಳಿಕೊಳ್ಳಿ. ಸಮಿತಿಯ ಸದಸ್ಯರು ಮಕ್ಕಳ ತಂದೆ ತಾಯಂದಿರೇ ಆಗಿರುವುದರಿಂದ, ಅವರಿಗೆ ಮೊದಲೇ ಗೊತ್ತಿದ್ದರೆ ಮುಂದೆ ಮಗುವೊಂದು ಪಂಚಾಯಿತಿಯಲ್ಲಿ ಪ್ರಶ್ನೆ ಕೇಳಿದಾಗ ಮನೆಯಲ್ಲಿ ಗಾಬರಿಯಾಗುವುದಿಲ್ಲ.

ಒಂಬತ್ತನೆಯ ತರಗತಿಯ ಮಕ್ಕಳು ಈ ಕೆಲಸಕ್ಕೆ ಹೆಚ್ಚು ತಕ್ಕವರು. ಹತ್ತನೆಯವರ ಮೇಲೆ ಎಸ್ಸೆಸ್ಸೆಲ್ಸಿಯ ಒತ್ತಡವಿರುತ್ತದೆ. ಎಂಟನೆಯವರು ಆಗಷ್ಟೇ ಹೊಸ ಶಾಲೆಗೆ ಬಂದಿರುತ್ತಾರೆ, ಬಯಸಿದವರನ್ನು ಸೇರಿಸಿಕೊಳ್ಳಬಹುದು. ಹದಿನೈದು ಮಕ್ಕಳಿಗಿಂತ ಹೆಚ್ಚಿದ್ದರೆ ಪ್ರತಿಯೊಬ್ಬರ ಮಾತನ್ನೂ ಕೇಳುವುದು ಕಷ್ಟ. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲಿನ ಒಂದು ಗಂಟೆ ಸಾಕು. ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡಿನಲ್ಲಿ, ದೂರದ ಮಕ್ಕಳು ಹೊತ್ತಿಗೆ ಮನೆ ಸೇರುವುದನ್ನು ಗಮನದಲ್ಲಿಟ್ಟುಕೊಂಡು ಸಮಯ ನಿಗದಿಪಡಿಸಬೇಕು.

ಸುರಕ್ಷತೆಯ ವಿಷಯದಲ್ಲಿ ರಾಜಿ ಬೇಡ. ತರಗತಿ ಶಾಲೆಯ ಆವರಣದಲ್ಲೇ, ಬಾಗಿಲು ತೆರೆದ ಕೊಠಡಿಯಲ್ಲಿ, ಶಿಕ್ಷಕರೊಬ್ಬರು ಶಾಲೆಯಲ್ಲಿರುವ ಹೊತ್ತಿನಲ್ಲೇ ನಡೆಯಬೇಕು. ಮಕ್ಕಳ ಫೋಟೊ, ವಿಡಿಯೊಗಳನ್ನು ನಿಮ್ಮ ಇನ್‌ಸ್ಟಾಗ್ರಾಮ್ ಅಥವಾ ಸ್ಟೇಟಸ್‌ನಲ್ಲಿ ಹಾಕಬಾರದು. ಮಗುವೊಂದು ಮನೆಯಲ್ಲಿನ ಹಿಂಸೆಯ ಬಗ್ಗೆಯೋ ಬಾಲ್ಯವಿವಾಹದ ಮಾತುಕತೆಯ ಬಗ್ಗೆಯೋ ನಿಮ್ಮಲ್ಲಿ ಹೇಳಿಕೊಂಡರೆ, ಅದನ್ನು ಚರ್ಚೆಯ ವಸ್ತುವಾಗಿಸದೆ ಮುಖ್ಯ ಶಿಕ್ಷಕರಿಗೆ ತಿಳಿಸಬೇಕು. ಮಕ್ಕಳ ಸಹಾಯವಾಣಿ 1098 ಸಂಖ್ಯೆಯನ್ನು ಮೊದಲ ದಿನವೇ ಕಪ್ಪು ಹಲಗೆಯ ಮೂಲೆಯಲ್ಲಿ ಬರೆದುಬಿಡಿ.

ಮಕ್ಕಳು ನಿಮ್ಮನ್ನು ಅಣ್ಣ ಅಥವಾ ಅಕ್ಕ ಎಂದೇ ಕರೆಯಲಿ. ‘ಸರ್’ ಎಂದು ಕರೆಸಿಕೊಳ್ಳುವ ಆಸೆಯನ್ನು ಬಿಟ್ಟರೆ, ಮೇಷ್ಟ್ರ ಮುಂದೆ ಬಾಯಿ ಬಿಡದ ಮಗು ನಿಮ್ಮ ಮುಂದೆ ಮಾತನಾಡುತ್ತದೆ. ಐದಾರು ವರ್ಷ ಮಾತ್ರ ದೊಡ್ಡವರಾಗಿರುವ ನಿಮಗಿರುವ ಅನುಕೂಲ ಅದು, ಶಿಕ್ಷಕರಿಗೆ ಅದು ದೊರೆಯುವುದಿಲ್ಲ.

ಎರಡನೆಯ ಹಂತ: ಪಕ್ಷಗಳ ಪ್ರಶ್ನೆಯನ್ನು ಮೊದಲೇ ಇತ್ಯರ್ಥಪಡಿಸಿಕೊಳ್ಳುವುದು

ನಮ್ಮ ರಾಜ್ಯದ ಬಹುತೇಕ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘಗಳಿಗೆ ನೇರ ಚುನಾವಣೆ ನಡೆದು ದಶಕಗಳೇ ಆಗಿವೆ. ಆದರೂ ವಿದ್ಯಾರ್ಥಿ ಸಂಘಟನೆಗಳಿವೆ, ನಿಮ್ಮಲ್ಲಿ ಕೆಲವರು ಅವುಗಳ ಸದಸ್ಯರೂ ಆಗಿರುತ್ತೀರಿ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಹದಿನಾಲ್ಕು ವರ್ಷದ ಮಕ್ಕಳ ಮುಂದೆ ನಿಂತಾಗ ಸಂಘಟನೆಯ ಶಾಲು, ಬ್ಯಾಡ್ಜು, ಘೋಷಣೆ ಯಾವುದೂ ಕೊಠಡಿಯೊಳಗೆ ಬರಬಾರದು. ಮಕ್ಕಳು ‘ಅಣ್ಣಾ, ನೀವು ಯಾವ ಪಕ್ಷ?’ ಎಂದು ಖಂಡಿತ ಕೇಳುತ್ತಾರೆ. ಸುಳ್ಳು ಹೇಳಬೇಡಿ. ‘ನನಗೆ ನನ್ನದೇ ಅಭಿಪ್ರಾಯ ಇದೆ, ನಿಮ್ಮ ಮನೆಯಲ್ಲೂ ಒಂದೊಂದು ಅಭಿಪ್ರಾಯ ಇರುತ್ತದೆ, ಇಲ್ಲಿ ನಾವು ಪ್ರಶ್ನೆ ಕೇಳುವುದನ್ನು ಕಲಿಯೋಣ’ ಎಂದು ಹೇಳಿ ಮುಂದಕ್ಕೆ ಹೋಗಿ.

ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲ ಎಂಬುದು ಈ ವಿಷಯದಲ್ಲಿ ನಿಮಗೆ ದೊಡ್ಡ ನೆರವು. ಊರಿನಲ್ಲಿ ಯಾರು ಯಾವ ಪಕ್ಷದ ಕಡೆ ಎಂಬುದು ಎಲ್ಲರಿಗೂ ಗೊತ್ತಿರುತ್ತದೆ, ನಿಜ. ಆದರೂ ನೀರಿನ ಟ್ಯಾಂಕು ತೊಳೆಸಿಲ್ಲ ಎಂಬ ಪ್ರಶ್ನೆಯನ್ನು ಪಂಚಾಯಿತಿಯ ಮುಂದೆ ಇಡುವಾಗ ಪಕ್ಷದ ಹೆಸರು ಎತ್ತುವ ಅಗತ್ಯ ಬೀಳುವುದಿಲ್ಲ. ರಾಜ್ಯ, ರಾಷ್ಟ್ರ ಮಟ್ಟದ ವಿವಾದಗಳಿಂದ ಶುರು ಮಾಡಿದರೆ ಮಕ್ಕಳು ಮನೆಯಲ್ಲಿ ಕೇಳಿದ ಮಾತನ್ನೇ ಒಪ್ಪಿಸುತ್ತಾರೆ. ಊರಿನ ಸಂಗತಿಯಿಂದ ಶುರು ಮಾಡಿದರೆ ತಾವು ಕಂಡದ್ದನ್ನು ಹೇಳುತ್ತಾರೆ. ಯಾವುದೇ ಚುನಾವಣೆ ಘೋಷಣೆಯಾಗಿ ಮಾದರಿ ನೀತಿ ಸಂಹಿತೆ ಜಾರಿಯಲ್ಲಿದ್ದರೆ ಆ ಅವಧಿಯಲ್ಲಿ ಪಂಚಾಯಿತಿ ಕಚೇರಿಗೆ ಮಕ್ಕಳನ್ನು ಕರೆದೊಯ್ಯುವುದನ್ನು ಮುಂದೂಡಿ.

ಮೂರನೆಯ ಹಂತ: ಬೀದಿಯ ಪ್ರಶ್ನೆಗಳನ್ನು ಸಂಗ್ರಹಿಸುವುದು

ಮೊದಲ ಎರಡು ವಾರ ನೀವು ಆದಷ್ಟು ಕಡಿಮೆ ಮಾತನಾಡಬೇಕು. ಪ್ರತಿ ಮಗುವಿಗೂ ಒಂದು ಕೆಲಸ ಕೊಡಿ: ಮನೆಯಿಂದ ಶಾಲೆಗೆ ಬರುವ ದಾರಿಯಲ್ಲಿ ಸರಿಯಿಲ್ಲ ಎನ್ನಿಸುವ ಮೂರು ಸಂಗತಿಗಳನ್ನು ಬರೆದುಕೊಂಡು ಬರುವುದು. ಹೊತ್ತಿಗೆ ಬಾರದ ಬಸ್ಸು, ಕೆಟ್ಟುನಿಂತ ಬೀದಿ ದೀಪ, ಮುಚ್ಚಳವಿಲ್ಲದ ಚರಂಡಿ, ಅಂಗನವಾಡಿಯ ಸೋರುವ ಚಾವಣಿ, ಶಾಲೆಯ ಶೌಚಾಲಯದಲ್ಲಿ ನೀರಿಲ್ಲದಿರುವುದು, ಶಾಲೆಯ ಹತ್ತಿರವೇ ಇರುವ ಗುಟ್ಕಾ ಅಂಗಡಿ, ಇಂಥವು ಬರುತ್ತವೆ. ಎಲ್ಲವನ್ನೂ ಹಲಗೆಯ ಮೇಲೆ ಬರೆಯಿರಿ. ಯಾವುದನ್ನೂ ‘ಇದು ಸಣ್ಣದು’ ಎಂದು ಅಳಿಸಬೇಡಿ.

ಹುಡುಗಿಯರು ಮೊದಲ ವಾರ ಶೌಚಾಲಯದ ವಿಷಯ ಎತ್ತುವುದಿಲ್ಲ, ದಲಿತ ಕೇರಿಯಿಂದ ಬಂದ ಮಗು ತನ್ನ ಕೇರಿಗೆ ನೀರು ಕೊನೆಯಲ್ಲಿ ಬರುತ್ತದೆ ಎಂಬುದನ್ನು ಎಲ್ಲರ ಮುಂದೆ ಹೇಳುವುದಿಲ್ಲ. ಆದ್ದರಿಂದ ಎರಡನೆಯ ವಾರ ಹೆಸರಿಲ್ಲದ ಚೀಟಿಗಳಲ್ಲಿ ಬರೆಸಿ, ಒಂದು ಡಬ್ಬಿಯಲ್ಲಿ ಹಾಕಿಸಿ, ನೀವೇ ಓದಿ. ಚೀಟಿಯಲ್ಲಿ ಬರುವ ಪ್ರಶ್ನೆಗಳು ಬಾಯಲ್ಲಿ ಬಂದ ಪ್ರಶ್ನೆಗಳಿಗಿಂತ ಬೇರೆಯಾಗಿರುತ್ತವೆ, ಊರಿನ ನಿಜವಾದ ರಾಜಕೀಯ ಅಲ್ಲಿಯೇ ಇರುತ್ತದೆ. ಚೀಟಿ ಯಾರದೆಂದು ಊಹಿಸುವ ಆಟಕ್ಕೆ ಅವಕಾಶ ಕೊಡಬೇಡಿ. ಕುಳಿತುಕೊಳ್ಳುವ ವ್ಯವಸ್ಥೆಯನ್ನೂ ಪ್ರತಿ ವಾರ ಬದಲಿಸಿ. ಒಂದೇ ಕೇರಿಯ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುವ ಅಭ್ಯಾಸ ತಾನಾಗಿ ಹೋಗುವುದಿಲ್ಲ.

ನಾಲ್ಕನೆಯ ಹಂತ: ಹೊಣೆ ಯಾರದು?

ಇಡೀ ಕಲಿಕೆಯ ಬೆನ್ನೆಲುಬು ಇದು, ಇದಕ್ಕೆ ಒಂದು ತಿಂಗಳಾದರೂ ಮೀಸಲಿಡಿ. ಹಲಗೆಯ ಮೇಲಿನ ಪ್ರತಿಯೊಂದು ತೊಂದರೆಯ ಎದುರು ‘ಇದನ್ನು ಸರಿಪಡಿಸುವ ಅಧಿಕಾರ ಯಾರಿಗಿದೆ?’ ಎಂದು ಬರೆಯಬೇಕು. ಮಕ್ಕಳ ಮೊದಲ ಉತ್ತರ ‘ಸರ್ಕಾರ’ ಎಂದಿರುತ್ತದೆ. ಅಲ್ಲಿಗೆ ನಿಲ್ಲಿಸದೆ ಯಾವ ಕಚೇರಿ, ಯಾವ ಹುದ್ದೆ ಎಂಬಲ್ಲಿಗೆ ತಂದು ನಿಲ್ಲಿಸುವುದು ನಿಮ್ಮ ಕೆಲಸ.

ಕುಡಿಯುವ ನೀರು, ಬೀದಿ ದೀಪ, ಚರಂಡಿ, ಕಸ ಇವು ಗ್ರಾಮ ಪಂಚಾಯಿತಿಯ ಕೆಲಸ. ಅಲ್ಲಿ ಚುನಾಯಿತ ಅಧ್ಯಕ್ಷರಿದ್ದಾರೆ, ಆಡಳಿತ ನೋಡಿಕೊಳ್ಳುವ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ ಇದ್ದಾರೆ. ಬೀದಿ ದೀಪದ ಬಲ್ಬು ಹೋಗಿದ್ದರೆ ಪಂಚಾಯಿತಿಯನ್ನು ಕೇಳಬೇಕು, ಟ್ರಾನ್ಸ್‌ಫಾರ್ಮರ್ ಸುಟ್ಟಿದ್ದರೆ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ ಹೀಗೆ ಆಯಾ ಭಾಗದ ವಿದ್ಯುತ್ ಕಂಪನಿಯ ಶಾಖಾ ಕಚೇರಿಯನ್ನು ಕೇಳಬೇಕು. ಊರೊಳಗಿನ ರಸ್ತೆ ಪಂಚಾಯಿತಿಯದು, ರಾಜ್ಯ ಹೆದ್ದಾರಿ ಲೋಕೋಪಯೋಗಿ ಇಲಾಖೆಯದು. ಬಸ್ಸಿನ ವೇಳೆ ಸಾರಿಗೆ ನಿಗಮದ ಡಿಪೋ ವ್ಯವಸ್ಥಾಪಕರ ಕೈಯಲ್ಲಿರುತ್ತದೆ. ಜಾತಿ, ಆದಾಯ ಪ್ರಮಾಣಪತ್ರ ತಡವಾದರೆ ನಾಡಕಚೇರಿ. ಶಾಲೆಗೆ ಶಿಕ್ಷಕರಿಲ್ಲದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ ಕಚೇರಿ. ಈ ಪಟ್ಟಿಯನ್ನು ನೀವೇ ಓದಿ ಹೇಳಬೇಡಿ. ಮಕ್ಕಳು ಮೂರು ಮೂರು ಜನರ ಗುಂಪಾಗಿ ಊರಿನ ಹಿರಿಯರನ್ನು, ಪಂಚಾಯಿತಿ ಸದಸ್ಯರನ್ನು, ವಾಟರ್‌ಮನ್‌ನನ್ನು ಕೇಳಿ ತಿಳಿದುಕೊಂಡು ಬರಲಿ. ಪೈಪು ಎಲ್ಲಿ ಒಡೆದಿದೆ, ಮೋಟರು ಯಾವಾಗ ಸುಟ್ಟಿತು, ಯಾವ ಬೀದಿಗೆ ಎಷ್ಟು ಹೊತ್ತು ನೀರು ಬಿಡುತ್ತಾರೆ ಎಂಬುದು ಅಧ್ಯಕ್ಷರಿಗಿಂತ ವಾಟರ್‌ಮನ್‌ಗೆ ಚೆನ್ನಾಗಿ ಗೊತ್ತಿರುತ್ತದೆ ಎಂಬುದನ್ನು ಮಕ್ಕಳು ಬೇಗ ಕಂಡುಕೊಳ್ಳುತ್ತಾರೆ.

ಈ ಹುಡುಕಾಟದ ನಡುವೆಯೇ ಪಠ್ಯದ ವಿಷಯ ತನ್ನ ಜಾಗಕ್ಕೆ ಬಂದು ಕೂರುತ್ತದೆ. ಪಂಚಾಯಿತಿ ಎಂಬ ವ್ಯವಸ್ಥೆಗೆ ಸಂವಿಧಾನದ ಬಲ ಎಲ್ಲಿಂದ ಬಂತು ಎಂದು ಮಗು ಕೇಳಿದಾಗ 73ನೆಯ ತಿದ್ದುಪಡಿಯ ಬಗ್ಗೆ, ಅದು 1993ರ ಏಪ್ರಿಲ್ 24ರಂದು ಜಾರಿಗೆ ಬಂದ ಬಗ್ಗೆ, ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳ ಹನ್ನೊಂದನೆಯ ಅನುಸೂಚಿಯ ಬಗ್ಗೆ ಹೇಳಿ. ನಮ್ಮ ಬೀದಿಗೆ ಒಬ್ಬರೇ ಸದಸ್ಯರು, ಪಕ್ಕದ ದೊಡ್ಡ ಊರಿಗೆ ನಾಲ್ವರು ಏಕೆ ಎಂದು ಕೇಳಿದಾಗ, ಕರ್ನಾಟಕದಲ್ಲಿ ಸುಮಾರು 400 ಜನಸಂಖ್ಯೆಗೆ ಒಬ್ಬ ಗ್ರಾಮ ಪಂಚಾಯಿತಿ ಸದಸ್ಯರಿರುತ್ತಾರೆ ಎಂಬ ಲೆಕ್ಕವನ್ನು ಅವರಿಂದಲೇ ಮಾಡಿಸಿ. ಪಂಚಾಯಿತಿಯಲ್ಲಿ ಅರ್ಧದಷ್ಟು ಹೆಂಗಸರೇ ಏಕಿದ್ದಾರೆ ಎಂಬ ಪ್ರಶ್ನೆ ಬಂದಾಗ ಮೀಸಲಾತಿಯ ಮಾತು ಬರುತ್ತದೆ. ಸಭೆಯಲ್ಲಿ ಸದಸ್ಯೆಯ ಬದಲು ಅವರ ಗಂಡ ಮಾತನಾಡುವುದನ್ನು ಕಂಡ ಮಕ್ಕಳಿದ್ದರೆ, ಆ ಬಗ್ಗೆಯೂ ಮಾತು ಬರುತ್ತದೆ. ಅದನ್ನು ತಡೆಯಬೇಡಿ. ಯಾವ ಮನೆಯವರೆಂದು ಹೆಸರಿಸದೆ, ಸಹಿ ಮಾಡುವ ಅಧಿಕಾರ ಯಾರದು ಎಂಬ ಪ್ರಶ್ನೆಯಾಗಿ ಚರ್ಚಿಸಿ.

ಪಿಯುಸಿ ಓದುವವರು ಗುಂಪಿನಲ್ಲಿದ್ದರೆ ಮತದಾನದ ವಯಸ್ಸಿನ ವಿಷಯವನ್ನೂ ಇಲ್ಲೇ ಮುಗಿಸಬಹುದು. 21 ಇದ್ದ ವಯಸ್ಸು 61ನೆಯ ತಿದ್ದುಪಡಿಯಿಂದಾಗಿ 1989ರಲ್ಲಿ 18ಕ್ಕೆ ಇಳಿಯಿತು. ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ: ಜನವರಿ, ಏಪ್ರಿಲ್, ಜುಲೈ ಮತ್ತು ಅಕ್ಟೋಬರ್ ತಿಂಗಳ ಮೊದಲ ದಿನ. ಹದಿನೇಳು ತುಂಬಿದವರು ನಮೂನೆ 6ರಲ್ಲಿ ಮುಂಗಡವಾಗಿಯೇ ಅರ್ಜಿ ಹಾಕಿಕೊಳ್ಳಬಹುದು.

ಐದನೆಯ ಹಂತ: ಸುದ್ದಿಯನ್ನು ಓದುವ ಅಭ್ಯಾಸ

ಒಂದೇ ದಿನದ ಎರಡು ಕನ್ನಡ ದಿನಪತ್ರಿಕೆಗಳನ್ನು ತಂದು, ಒಂದೇ ಸುದ್ದಿಯನ್ನು ಎರಡರಲ್ಲೂ ಓದಿಸಿ. ಯಾವ ವಾಕ್ಯ ನಡೆದ ಸಂಗತಿಯನ್ನು ಹೇಳುತ್ತದೆ, ಯಾವುದು ಒಬ್ಬರ ಹೇಳಿಕೆ, ಯಾವುದು ವರದಿಗಾರರ ಊಹೆ ಎಂಬುದಕ್ಕೆ ಮೂರು ಬಣ್ಣದ ಗೆರೆ ಎಳೆಸಿ. ಜಿಲ್ಲಾ ಪುಟ ಮಕ್ಕಳಿಗೆ ಮುಖಪುಟಕ್ಕಿಂತ ಹೆಚ್ಚು ಉಪಯುಕ್ತ. ಮನೆಯ ವಾಟ್ಸ್‌ಆ್ಯಪ್ ಗುಂಪಿಗೆ ಬಂದ ಸಂದೇಶವನ್ನು ಪರೀಕ್ಷಿಸುವಾಗ ‘ಇದನ್ನು ಮೊದಲು ಹೇಳಿದವರು ಯಾರು, ಯಾವಾಗ, ಎಲ್ಲಿ?’ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಗದಿದ್ದರೆ ಅದನ್ನು ಮುಂದಕ್ಕೆ ಕಳಿಸಬಾರದು ಎಂಬ ನಿಯಮ ಸಾಕು. ‘ನಿಮ್ಮಪ್ಪ ಕಳಿಸಿದ್ದು ಸುಳ್ಳು’ ಎಂಬ ಮಾತು ನಿಮ್ಮ ಬಾಯಿಂದ ಬರಬಾರದು, ಮಗು ತಾನೇ ಪರೀಕ್ಷಿಸಿ ಕಂಡುಕೊಳ್ಳಲಿ.

ಆರನೆಯ ಹಂತ: ಮಾತು

ನಮ್ಮ ಶಾಲೆಗಳ ಭಾಷಣಕ್ಕೆ ಒಂದು ಸಿದ್ಧ ರೂಪವಿದೆ. ವೇದಿಕೆಯ ಮೇಲಿನ ಗಣ್ಯರಿಗೆಲ್ಲ ವಂದನೆ, ಒಂದು ವಚನ ಅಥವಾ ಸುಭಾಷಿತ, ಗಟ್ಟಿ ದನಿಯಲ್ಲಿ ಕಂಠಪಾಠ ಮಾಡಿದ ಎರಡು ಪುಟ, ಕೊನೆಯಲ್ಲಿ ಜೈ ಹಿಂದ್ ಜೈ ಕರ್ನಾಟಕ. ಸ್ಪರ್ಧೆಗೆ ಇದು ನಡೆಯುತ್ತದೆ. ಆದರೆ ಉತ್ತರ ಕೊಡಬೇಕಾದ ಅಧಿಕಾರಿಯ ಮುಂದೆ ಇದು ನಡೆಯುವುದಿಲ್ಲ, ಏಕೆಂದರೆ ಇಂಥ ಮಾತಿಗೆ ‘ತುಂಬಾ ಚೆನ್ನಾಗಿ ಮಾತಾಡಿದೆಯಮ್ಮ’ ಎಂದು ಚಪ್ಪಾಳೆ ತಟ್ಟಿ ಕಳಿಸಿಬಿಡಬಹುದು. ಮಗುವಿನ ಮಾತಿಗೆ ಸಿಗಬೇಕಾದದ್ದು ಉತ್ತರ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಸಂಜೆಯ ಬಸ್ಸಿನ ತೊಂದರೆಯನ್ನು ಆರಿಸಿಕೊಂಡ ಒಂಬತ್ತನೆಯ ತರಗತಿಯ ಹುಡುಗಿ ಮೊದಲ ಸಲ ಬರೆದುಕೊಂಡು ಬರುವುದು ಸಾಮಾನ್ಯವಾಗಿ ಹೀಗಿರುತ್ತದೆ: ‘ಮಾನ್ಯ ಅಧ್ಯಕ್ಷರೇ, ವಿದ್ಯೆಯು ಮಾನವನ ಬಾಳಿನ ಬೆಳಕಾಗಿದೆ. ಆದರೆ ನಮ್ಮ ಗ್ರಾಮಕ್ಕೆ ಸಮರ್ಪಕವಾದ ಬಸ್ ಸೌಕರ್ಯ ಇಲ್ಲದಿರುವುದರಿಂದ ವಿದ್ಯಾರ್ಥಿಗಳಿಗೆ ತುಂಬಾ ತೊಂದರೆಯಾಗುತ್ತಿದೆ. ದಯವಿಟ್ಟು ಇದನ್ನು ಸರಿಪಡಿಸಬೇಕೆಂದು ಕೇಳಿಕೊಳ್ಳುತ್ತೇನೆ.’

ಇದನ್ನು ತಿದ್ದಲು ಹೋಗಬೇಡಿ, ಪ್ರಶ್ನೆ ಕೇಳಿ. ಶಾಲೆ ಎಷ್ಟಕ್ಕೆ ಬಿಡುತ್ತದೆ? ಬಸ್ಸು ಎಷ್ಟಕ್ಕೆ ಹೋಗುತ್ತದೆ? ಮುಂದಿನ ಬಸ್ಸು ಯಾವಾಗ? ನಿಮ್ಮೂರಿನಿಂದ ಎಷ್ಟು ಮಕ್ಕಳು ಬರುತ್ತೀರಿ? ಅಲ್ಲಿಯವರೆಗೆ ಎಲ್ಲಿ ಕಾಯುತ್ತೀರಿ? ಪಾಸು ಎಷ್ಟು ಜನರ ಹತ್ತಿರ ಇದೆ? ನಿಮಗೆ ನಿಜವಾಗಿ ಬೇಕಾದದ್ದು ಹೊಸ ಬಸ್ಸೋ, ಇರುವ ಬಸ್ಸಿನ ವೇಳೆ ಬದಲಾವಣೆಯೋ? ಈ ಕೊನೆಯ ಪ್ರಶ್ನೆಗೆ ಅವಳು ಸ್ವಲ್ಪ ಹೊತ್ತು ಯೋಚಿಸುತ್ತಾಳೆ, ಯೋಚಿಸಲು ಬಿಡಿ. ಉತ್ತರಗಳನ್ನೆಲ್ಲ ಅವಳೇ ಕಲೆಹಾಕಿದ ಮೇಲೆ ಮಾತು ಹೀಗಾಗಬಹುದು:

‘ಶಾಲೆ ಬಿಡೋದು ನಾಲ್ಕೂವರೆಗೆ. ನಮ್ಮೂರಿನ ಬಸ್ಸು ನಾಲ್ಕು ಗಂಟೆಗೇ ಹೊರಟುಹೋಗುತ್ತೆ. ಆಮೇಲಿನದು ಆರೂ ಕಾಲಿಗೆ. ನಮ್ಮೂರಿಂದ ಹದಿನೇಳು ಮಕ್ಕಳು ಬರ್ತೀವಿ, ಹನ್ನೊಂದು ಜನ ಹುಡುಗಿಯರು. ಮಳೆಗಾಲದಲ್ಲಿ ಮನೆ ಸೇರೋ ಹೊತ್ತಿಗೆ ಕತ್ತಲಾಗಿರುತ್ತೆ. ನಾಲ್ಕು ಗಂಟೆ ಬಸ್ಸನ್ನ ನಾಲ್ಕೂ ಮುಕ್ಕಾಲಿಗೆ ಬಿಡಿ ಅಂತ ಪಂಚಾಯ್ತಿಯಿಂದ ಡಿಪೋಗೆ ಪತ್ರ ಬರೀತೀರಾ? ಯಾವತ್ತು ಬರೀತೀರಾ?’

ಅರ್ಧ ನಿಮಿಷದ ಮಾತು ಇದು. ಇದರಲ್ಲಿ ಹೊಗಳಿಕೆಯಿಲ್ಲ, ದೂರಿನ ದನಿಯಿಲ್ಲ. ಎಲ್ಲವೂ ಲೆಕ್ಕಕ್ಕೆ ಸಿಗುವ ಸಂಗತಿಗಳು. ಪಂಚಾಯಿತಿಗೆ ಬಸ್ಸಿನ ವೇಳೆ ಬದಲಿಸುವ ಅಧಿಕಾರವಿಲ್ಲ, ಆದರೆ ನಿರ್ಣಯ ಮಾಡಿ ಡಿಪೋಗೆ ಬರೆಯಬಹುದು ಎಂಬ ತಿಳಿವಳಿಕೆ ಪ್ರಶ್ನೆಯೊಳಗೇ ಇದೆ. ಕೊನೆಯ ‘ಯಾವತ್ತು’ ಎಂಬುದಕ್ಕೆ ‘ನೋಡೋಣ’ ಎಂದು ಹೇಳಿ ತಪ್ಪಿಸಿಕೊಳ್ಳುವುದು ಸಭೆಯ ಮುಂದೆ ಸುಲಭವಲ್ಲ. ನಾಲ್ಕನೆಯ ಹಂತದ ಹುಡುಕಾಟ ಮಾಡದ ಮಗು ಈ ಮಾತನ್ನು ಆಡಲಾರದು.

ಅವಳ ಎರಡನೆಯ ಮಾತು ಗ್ರಂಥದ ಕನ್ನಡದಲ್ಲಿಲ್ಲ ಎಂಬುದನ್ನೂ ಗಮನಿಸಿ. ಮಂಡ್ಯದ ಮಗು ಮಂಡ್ಯದ ಕನ್ನಡದಲ್ಲಿ, ಧಾರವಾಡದ ಮಗು ಧಾರವಾಡದ ಕನ್ನಡದಲ್ಲಿ, ಕಲಬುರಗಿಯ ಮಗು ಕಲಬುರಗಿಯ ಕನ್ನಡದಲ್ಲಿ ಮಾತನಾಡಲಿ. ಉಚ್ಚಾರಣೆಯನ್ನು ಎಲ್ಲರೆದುರು ತಿದ್ದಿಸಿಕೊಂಡ ಮಗು ಮತ್ತೆ ಎದ್ದು ನಿಲ್ಲುವುದಿಲ್ಲ. ಮನೆಯಲ್ಲಿ ತುಳು, ಉರ್ದು, ಲಂಬಾಣಿ, ತೆಲುಗು ಆಡುವ ಮಕ್ಕಳಿಗೆ ಮೊದಲು ತಮ್ಮ ಭಾಷೆಯಲ್ಲೇ ಹೇಳಿ, ಆಮೇಲೆ ಕನ್ನಡದಲ್ಲಿ ಹೇಳಲು ಅವಕಾಶ ಕೊಡಿ. ನಾನು ಇದರಲ್ಲಿ ಬಹಳ ಹಟ ಹಿಡಿಯುತ್ತೇನೆ, ಏಕೆಂದರೆ ‘ಶುದ್ಧ’ ಕನ್ನಡದ ಹೆಸರಿನಲ್ಲಿ ಎಷ್ಟೋ ಬಡ ಮಕ್ಕಳ ಬಾಯನ್ನು ನಮ್ಮ ವೇದಿಕೆಗಳು ಮುಚ್ಚಿಸಿವೆ.

ಅಭ್ಯಾಸದ ಕ್ರಮ ಸರಳ. ಮೊದಲು ಇಬ್ಬರಿಬ್ಬರಾಗಿ ಕೂತು ಒಬ್ಬರಿಗೊಬ್ಬರು ಹೇಳುವುದು, ಕೇಳಿದವರು ಅದನ್ನು ತಮ್ಮ ಮಾತಿನಲ್ಲಿ ಗುಂಪಿಗೆ ಹೇಳುವುದು. ಕೇಳಿಸಿಕೊಂಡದ್ದನ್ನು ಸರಿಯಾಗಿ ಒಪ್ಪಿಸುವುದು ಮಾತಾಡುವುದಕ್ಕಿಂತ ಕಷ್ಟ ಎಂಬುದು ಮಕ್ಕಳಿಗೆ ಇಲ್ಲೇ ಅರಿವಾಗುತ್ತದೆ. ಆಮೇಲೆ ಎದ್ದು ನಿಂತು ಒಂದು ನಿಮಿಷ, ಕೈಯಲ್ಲಿ ಒಂದೇ ಚೀಟಿ, ಅದರಲ್ಲಿ ಅಂಕಿಗಳು ಮಾತ್ರ. ಆಮೇಲೆ ಶಾಲೆಯ ಮೈಕಿನ ಮುಂದೆ. ಮೈಕಿನಲ್ಲಿ ತಮ್ಮದೇ ದನಿ ಕೇಳಿ ಬೆಚ್ಚುವ ಮಕ್ಕಳೇ ಹೆಚ್ಚು, ಆದ್ದರಿಂದ ಸಭೆಯ ದಿನಕ್ಕಿಂತ ಮೊದಲೇ ಎರಡು ಮೂರು ಸಲವಾದರೂ ಮೈಕು ಹಿಡಿಸಬೇಕು.

ಏಳನೆಯ ಹಂತ: ಅಣಕು ಅಧಿವೇಶನ

ಒಪ್ಪದವರೊಂದಿಗೆ ಮಾತಾಡುವುದನ್ನು ಕಲಿಸಲು ಪ್ರಶ್ನೋತ್ತರ ಕಲಾಪದ ಅಣಕು ಒಳ್ಳೆಯ ದಾರಿ. ಒಬ್ಬರು ಸಭಾಧ್ಯಕ್ಷರು, ನಾಲ್ವರು ಮಂತ್ರಿಗಳು, ಉಳಿದವರು ಆಡಳಿತ ಮತ್ತು ವಿರೋಧ ಪಕ್ಷದ ಸದಸ್ಯರು. ನಿಜವಾದ ಪಕ್ಷಗಳ ಹೆಸರು ಬೇಡ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳಿರುತ್ತವೆ, ಅವುಗಳಿಗೆ ಮಂತ್ರಿಗಳು ಬಾಯಿಮಾತಿನಲ್ಲಿ ಉತ್ತರ ಕೊಡುತ್ತಾರೆ, ಆ ಉತ್ತರದ ಮೇಲೆ ಉಪಪ್ರಶ್ನೆ ಕೇಳಬಹುದು, ಉಳಿದವಕ್ಕೆ ಲಿಖಿತ ಉತ್ತರ ಸಿಗುತ್ತದೆ ಎಂಬ ಕ್ರಮವನ್ನು ವಿವರಿಸಿ. ಪ್ರಶ್ನೆಯೊಳಗೆ ವಾದ, ಊಹೆ, ವ್ಯಂಗ್ಯ, ಆರೋಪ ಇರಬಾರದು ಎಂಬ ಲೋಕಸಭೆಯ ನಿಯಮವನ್ನೇ ನಿಮ್ಮ ಕೊಠಡಿಯ ನಿಯಮವಾಗಿಸಿ. ಟಿ.ವಿ.ಯಲ್ಲಿ ಕಂಡ ಗದ್ದಲವನ್ನು ಮಕ್ಕಳು ಮೊದಲ ಸಲ ಖಂಡಿತ ಅನುಕರಿಸುತ್ತಾರೆ, ಮೇಜು ಬಡಿಯುತ್ತಾರೆ. ಒಂದು ಸಲ ಬಿಡಿ. ಆ ಗದ್ದಲದಲ್ಲಿ ಯಾವ ಪ್ರಶ್ನೆಗೆ ಉತ್ತರ ಸಿಕ್ಕಿತು ಎಂದು ಆಮೇಲೆ ಅವರನ್ನೇ ಕೇಳಿ.

ಅರ್ಧ ಅವಧಿ ಮುಗಿದ ಮೇಲೆ ಜಾಗ ಬದಲಿಸಬೇಕು: ಬಸ್ಸಿನ ಪ್ರಶ್ನೆ ಕೇಳಿದವಳೇ ಸಾರಿಗೆ ಮಂತ್ರಿಯಾಗಿ ಉತ್ತರ ಕೊಡಬೇಕು. ಡೀಸೆಲ್ ಖರ್ಚು, ಚಾಲಕರ ಪಾಳಿ, ಆ ನಾಲ್ಕು ಗಂಟೆಯ ಬಸ್ಸನ್ನು ನೆಚ್ಚಿಕೊಂಡಿರುವ ಮುಂದಿನ ಊರಿನ ಕೂಲಿಯವರು, ಇವೆಲ್ಲ ಆಗ ಅವಳ ತಲೆಗೆ ಬರುತ್ತವೆ. ಇನ್ನೊಬ್ಬರ ಕಷ್ಟ ತಿಳಿದ ಮೇಲೆ ಅವಳ ಪ್ರಶ್ನೆ ಮೆತ್ತಗಾಗಬೇಕಿಲ್ಲ, ಇನ್ನೂ ನಿಖರವಾಗುತ್ತದೆ.

ಇಲ್ಲಿ ಮೈಸೂರಿನ ಒಂದು ಚರಿತ್ರೆಯನ್ನು ಹೇಳಲು ನನಗೆ ಇಷ್ಟ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ, ಮೈಸೂರು ಪ್ರಜಾಪ್ರತಿನಿಧಿ ಸಭೆ ದಸರೆಯ ಸಮಯದಲ್ಲಿ ಮೊದಲ ಬಾರಿಗೆ ಸೇರಿತು. ಬಂದವರು 144 ಮಂದಿ, ಹೆಚ್ಚಿನವರು ಜಮೀನುದಾರರು ಮತ್ತು ವರ್ತಕರು. ಅವರಿಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ದಿವಾನರು ಆಡಳಿತದ ವರದಿ ಓದುತ್ತಿದ್ದರು, ಪ್ರತಿನಿಧಿಗಳು ತಮ್ಮ ಭಾಗದ ಅಹವಾಲು ಹೇಳುತ್ತಿದ್ದರು, ಅಷ್ಟೇ. ಸಭೆಗೆ ಶಾಸನದ ಬಲ ಬಂದದ್ದು 1923ರಲ್ಲಿ. ‘ನಮಗೆ ಓಟೇ ಇಲ್ಲ, ನಾವು ಕೇಳಿದರೆ ಯಾರು ಲೆಕ್ಕಕ್ಕೆ ಇಟ್ಟುಕೊಳ್ಳುತ್ತಾರೆ?’ ಎಂದು ಮಗುವೊಂದು ಕೇಳಿದಾಗ ಈ ಕಥೆ ಹೇಳಿ. ಅಧಿಕಾರ ಕೈಗೆ ಬರುವ ಮೊದಲೇ ಕೇಳುವ ಅಭ್ಯಾಸ ಶುರುವಾದ ನಾಡು ನಮ್ಮದು.

ಎಂಟನೆಯ ಹಂತ: ಬರವಣಿಗೆ

ಸಭೆಯಲ್ಲಿ ಕೇಳಿದ್ದು ಗಾಳಿಗೆ ಹೋಗಬಾರದೆಂದರೆ ಬರಹದಲ್ಲಿಯೂ ಇರಬೇಕು. ಪ್ರತಿ ಪ್ರಶ್ನೆಗೂ ಒಂದು ಪುಟದ ಮನವಿ ಬರೆಸಿ: ಇಂದ, ಗೆ, ವಿಷಯ, ಮೊದಲ ಪ್ಯಾರಾದಲ್ಲಿ ಸಂಗತಿ, ಎರಡನೆಯದರಲ್ಲಿ ಕೋರಿಕೆ, ದಿನಾಂಕ, ಸಹಿಗಳು. ಎರಡು ಪ್ರತಿ ಮಾಡಿಸಿ, ಒಂದನ್ನು ಕಚೇರಿಗೆ ಕೊಟ್ಟು, ಇನ್ನೊಂದರ ಮೇಲೆ ಕಚೇರಿಯ ಮೊಹರು, ದಿನಾಂಕ, ಸ್ವೀಕೃತಿಯ ಸಹಿ ಹಾಕಿಸಿಕೊಳ್ಳುವುದನ್ನು ಕಡ್ಡಾಯವಾಗಿ ಕಲಿಸಿ. ಸ್ವೀಕೃತಿ ಇಲ್ಲದ ಅರ್ಜಿ ಕೊಟ್ಟಿದ್ದೂ ಒಂದೇ, ಕೊಡದಿದ್ದೂ ಒಂದೇ.

2005ರ ಮಾಹಿತಿ ಹಕ್ಕು ಕಾಯ್ದೆಯನ್ನು ಪಾಠವಾಗಿ ಹೇಳುವುದಕ್ಕಿಂತ ಒಂದು ಅರ್ಜಿಯನ್ನು ಒಟ್ಟಿಗೆ ಬರೆಯುವುದು ಒಳ್ಳೆಯದು. ಅರ್ಜಿದಾರರಾಗಿ ನೀವೇ ಸಹಿ ಮಾಡಿ, ಮಕ್ಕಳ ಹೆಸರು ಬೇಡ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ, ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಈ ಕಾಯ್ದೆಯಡಿ ಕಚೇರಿಯಲ್ಲಿರುವ ದಾಖಲೆಯನ್ನು ಕೇಳಬಹುದು, ಅಧಿಕಾರಿಯ ವಿವರಣೆಯನ್ನಲ್ಲ. ಆದ್ದರಿಂದ ‘ಟ್ಯಾಂಕನ್ನು ಏಕೆ ತೊಳೆಸಿಲ್ಲ?’ ಎಂದು ಬರೆದರೆ ಪ್ರಯೋಜನವಾಗುವುದಿಲ್ಲ. ‘ಕಳೆದ ಒಂದು ವರ್ಷದಲ್ಲಿ ಟ್ಯಾಂಕು ತೊಳೆಸಿದ ದಿನಾಂಕಗಳು ಮತ್ತು ಅದಕ್ಕೆ ಪಾವತಿಸಿದ ಬಿಲ್ಲುಗಳ ಪ್ರತಿ ಕೊಡಿ’ ಎಂದು ಬರೆಯಬೇಕು. ಈ ಎರಡು ವಾಕ್ಯಗಳ ವ್ಯತ್ಯಾಸ ಹಿಡಿದ ಮಗುವಿಗೆ ಆಡಳಿತ ಕಾಗದದ ಮೇಲೆ ನಡೆಯುತ್ತದೆ ಎಂಬುದು ತಿಳಿದುಹೋಗುತ್ತದೆ.

ಒಂಬತ್ತನೆಯ ಹಂತ: ಮಕ್ಕಳ ಗ್ರಾಮಸಭೆ

ಸಭೆಯ ದಿನಾಂಕವನ್ನು ಒಂದು ತಿಂಗಳು ಮುಂಚೆಯೇ ಪಿಡಿಒ ಅವರಿಂದ ತಿಳಿದುಕೊಳ್ಳಿ. ಕೆಲವು ಕಡೆ ಸಭೆ ಹಾಡು, ನೃತ್ಯ, ಬಹುಮಾನ ವಿತರಣೆಯಲ್ಲೇ ಮುಗಿದುಬಿಡುತ್ತದೆ. ಅದನ್ನು ತಪ್ಪಿಸಲು, ಮಕ್ಕಳ ಪ್ರಶ್ನೆಗಳ ಪಟ್ಟಿಯನ್ನು ಮುಖ್ಯ ಶಿಕ್ಷಕರ ಮೂಲಕ ಮೊದಲೇ ಪಂಚಾಯಿತಿಗೆ ತಲುಪಿಸಿ, ಕಾರ್ಯಸೂಚಿಯಲ್ಲಿ ಪ್ರಶ್ನೆಗಳಿಗೆ ಒಂದು ಗಂಟೆ ಮೀಸಲಿಡುವಂತೆ ಕೇಳಿಕೊಳ್ಳಬೇಕು. ಪ್ರಶ್ನೆ ಮೊದಲೇ ತಿಳಿದಿದ್ದರೆ ಸಂಬಂಧಪಟ್ಟ ಇಲಾಖೆಯವರನ್ನು ಕರೆಸಲು ಪಂಚಾಯಿತಿಗೂ ಅನುಕೂಲ. ಅಧಿಕಾರಿಗಳನ್ನು ಇಕ್ಕಟ್ಟಿಗೆ ಸಿಕ್ಕಿಸುವುದು ನಮ್ಮ ಉದ್ದೇಶವಲ್ಲ, ಉತ್ತರ ನಮಗೆ ಬೇಕು.

ಐದಾರು ಪ್ರಶ್ನೆಗಳಿಗಿಂತ ಹೆಚ್ಚು ಬೇಡ. ಒಂದೊಂದು ಪ್ರಶ್ನೆಗೂ ಇಬ್ಬರು ಮಕ್ಕಳಿರಲಿ, ಒಬ್ಬರು ಕೇಳುವವರು, ಇನ್ನೊಬ್ಬರು ಉತ್ತರ ಬರೆದುಕೊಳ್ಳುವವರು. ಉತ್ತರ ಅಸ್ಪಷ್ಟವಾಗಿದ್ದರೆ ಬರೆದುಕೊಳ್ಳುವ ಮಗು ಎದ್ದು ‘ನಾನು ಏನಂತ ಬರೆದುಕೊಳ್ಳಲಿ ಸರ್?’ ಎಂದು ಕೇಳಬಹುದು. ಇದಕ್ಕಿಂತ ವಿನಯದ, ಇದಕ್ಕಿಂತ ಪರಿಣಾಮಕಾರಿಯಾದ ಉಪಪ್ರಶ್ನೆಯನ್ನು ನಾನು ಕಂಡಿಲ್ಲ. ನಿರ್ಣಯಗಳು ಸಭೆಯ ನಡಾವಳಿ ಪುಸ್ತಕದಲ್ಲಿ ದಾಖಲಾದವೇ ಎಂಬುದನ್ನು ಅಂದೇ ನೋಡಿಕೊಂಡು, ನಡಾವಳಿಯ ಪ್ರತಿಗೆ ಮನವಿ ಕೊಡಿ. ಆ ದಿನ ನೀವು ವೇದಿಕೆ ಹತ್ತಬಾರದು, ಮೈಕು ಹಿಡಿಯಬಾರದು, ಕೊನೆಯ ಸಾಲಿನಲ್ಲಿ ಕೂರಬೇಕು.

ದೊಡ್ಡವರು ಯಾರಾದರೂ ‘ಇಷ್ಟುದ್ದ ಇದ್ದೀಯ, ನಮ್ಮನ್ನೇ ಕೇಳ್ತೀಯಾ?’ ಎಂದು ಗದರಿದರೆ ಮಗು ಏನು ಮಾಡಬೇಕೆಂಬುದನ್ನೂ ಮೊದಲೇ ಅಭ್ಯಾಸ ಮಾಡಿಸಿರಿ. ಎದುರು ಮಾತು ಬೇಡ, ಕ್ಷಮೆಯೂ ಬೇಡ. ‘ಪ್ರಶ್ನೆ ಇನ್ನೊಂದು ಸಲ ಓದುತ್ತೇನೆ’ ಎಂದು ಹೇಳಿ ಚೀಟಿಯಲ್ಲಿದ್ದದ್ದನ್ನೇ ಅದೇ ದನಿಯಲ್ಲಿ ಓದಿದರೆ ಸಾಕು. ಸಭೆಯ ನಂತರ ಆ ಮಗುವಿನ ಮನೆಗೆ ಶಿಕ್ಷಕರೊಂದಿಗೆ ಹೋಗಿ ಬನ್ನಿ.

ಹತ್ತನೆಯ ಹಂತ: ಸಭೆಯ ನಂತರ

ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ತಿಂಗಳಿಗೊಂದು ಶನಿವಾರ ಸೇರಿದರೆ ಸಾಕು. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಪ್ರಶ್ನೆಗೆ ಒಂದು ಪುಟ: ಯಾರು ಕೇಳಿದ್ದು, ಯಾರು ಏನೆಂದು ಉತ್ತರಿಸಿದ್ದು, ಯಾವಾಗ ಮಾಡುತ್ತೇವೆಂದದ್ದು, ಏನಾಯಿತು. ಆದ ಕೆಲಸಕ್ಕೆ ಪಂಚಾಯಿತಿಗೆ ಮಕ್ಕಳೇ ಧನ್ಯವಾದದ ಪತ್ರ ಬರೆಯಲಿ. ಆಗದ ಕೆಲಸಕ್ಕೆ ಹಿಂದಿನ ಪತ್ರದ ದಿನಾಂಕ ಉಲ್ಲೇಖಿಸಿ ಜ್ಞಾಪನ ಪತ್ರ ಬರೆಯಲಿ. ಎಲ್ಲ ಪ್ರಶ್ನೆಗಳಿಗೂ ಫಲ ಸಿಗುವುದಿಲ್ಲ ಎಂಬುದನ್ನು ಮಕ್ಕಳಿಂದ ಮುಚ್ಚಿಡಬೇಡಿ. ಅನುದಾನವಿಲ್ಲ ಎಂಬ ಉತ್ತರ ಬಂದರೆ, ಮುಂದಿನ ವರ್ಷದ ಕ್ರಿಯಾಯೋಜನೆ ಯಾವಾಗ ತಯಾರಾಗುತ್ತದೆ, ಅದಕ್ಕೆ ಮೊದಲು ನಡೆಯುವ ವಾರ್ಡ್ ಸಭೆಯಲ್ಲಿ ಮಗುವಿನ ತಾಯಿ ಈ ಪ್ರಶ್ನೆಯನ್ನು ಎತ್ತಬಹುದೇ ಎಂದು ಯೋಚಿಸಲು ಹೇಳಿ. ಮಕ್ಕಳ ಪ್ರಶ್ನೆಯನ್ನು ಹಿಡಿದು ಅಮ್ಮಂದಿರು ವಾರ್ಡ್ ಸಭೆಗೆ ಹೋಗುವಂತಾದರೆ ಮನೆಯೊಳಗೂ ಈ ಕಲಿಕೆ ಹಬ್ಬುತ್ತದೆ.

ನೀವು ಅಂತಿಮ ವರ್ಷಕ್ಕೆ ಬರುವ ಹೊತ್ತಿಗೆ ಕೆಲಸವನ್ನು ವಹಿಸಿಕೊಡುವ ಇಬ್ಬರನ್ನು ಗುರುತಿಸಿರಬೇಕು. ಒಬ್ಬರು ನಿಮ್ಮ ಕಾಲೇಜಿನ ಮೊದಲ ವರ್ಷದವರು, ಇನ್ನೊಬ್ಬರು ನಿಮ್ಮ ಗುಂಪಿನಲ್ಲೇ ಬೆಳೆದು ಈಗ ಪಿಯುಸಿಗೆ ಹೋಗಿರುವವರು. ಚೆನ್ನಾಗಿ ಮಾತನಾಡುವವರಿಗಿಂತ ಚೆನ್ನಾಗಿ ಕೇಳಿಸಿಕೊಂಡು ಬರೆದುಕೊಳ್ಳುವವರನ್ನು ಆರಿಸಿ. ಪ್ರಶ್ನೆಗಳ ನೋಟ್‌ಬುಕ್ಕು, ಸ್ವೀಕೃತಿ ಪ್ರತಿಗಳ ಕಡತ, ಕಚೇರಿಗಳ ಪಟ್ಟಿ ಇವನ್ನು ಮುಖ್ಯ ಶಿಕ್ಷಕರ ಸಮ್ಮುಖದಲ್ಲಿ ಅವರಿಗೆ ಒಪ್ಪಿಸಿ, ಬಾಕಿ ಉಳಿದ ಪ್ರಶ್ನೆಗಳನ್ನು ಮುಂದಿನ ಜೂನ್‌ನ ಮೊದಲ ತರಗತಿಯಲ್ಲಿ ಹೊಸ ಮಕ್ಕಳಿಗೆ ಓದಿ ಹೇಳುವಂತೆ ತಿಳಿಸಿ.